ಗ್ಯಾಲನ್ನಿಗೆ ಹನ್ನೊಂದು ಮೈಲಿ

"ಗ್ಯಾಲನ್ನಿಗೆ ಹದಿನೈದು ಮೈಲಿ ಕೊಡ್ತಿದ್ದ ಗಾಡಿ ಕಣಯ್ಯ! ನೀನು ಕೈ ಹಾಕಿದ್ಮೇಲೆ ಹನ್ನೊಂದಕ್ಕೆ ಇಳೀತು. ಇದಕ್ಕಾ ರಿಪೇರಿ ಅಂತಾರೆ?" ಹಾಸನದ ಶೆಡ್ಡಿನ ಬಾಗಿಲಲ್ಲಿ ನಿಂತು ಲಾರಿ ಯಜಮಾನ ತಿಮ್ಮಪ್ಪನವರು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮೇಸ್ತ್ರಿ ಪಂಚಾಕ್ಷರಯ್ಯ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ.

ಆ ಲಾರಿಯ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರ ಮೂರು ವರ್ಷದಿಂದ ಸವೆದು ಗೊಣಗುತ್ತಿತ್ತು. ಅದನ್ನು ಕಿತ್ತು ಹೊಸದು ಕೂರಿಸಿ, ಕ್ಲಚ್ ಪ್ಲೇಟೂ ಬದಲಾಯಿಸಿ ಕಳಿಸಿ ಹದಿನೈದು ದಿನವಾಗಿತ್ತಷ್ಟೆ. ತನ್ನ ಕೆಲಸದಲ್ಲಿ ತಪ್ಪಿದೆಯೆಂದು ಇಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಒಪ್ಪಿಕೊಂಡ ಆಸಾಮಿಯಲ್ಲ ಪಂಚಾಕ್ಷರಯ್ಯ. "ಒಂದ್ಸಲ ಡ್ರೈವರನ್ನೂ ವಿಚಾರಿಸಿ ಸಾ" ಎಂದ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ಮಂಚಯ್ಯ ಒಂದ್ ತೊಟ್ಟು ಡೀಸೆಲ್ ಮುಟ್ಟೋನಲ್ಲ, ಜೋರಾಗಿ ಓಡ್ಸೋನೂ ಅಲ್ಲ. ಸರಿಯಾಗ್ದಿದ್ರೆ ನನ್ನ ಮೂರು ಲಾರೀನೂ ಇನ್ಮೇಲೆ ಮೈಸೂರಿಗೇ ರಿಪೇರಿಗೆ ಹೋಗ್ತವೆ, ನೋಡ್ಕೋ!"

ಮೂರು ಲಾರಿ ಹೋದರೆ ಶೆಡ್ಡಿನಲ್ಲಿ ಉಳಿಯುವುದು ಒಂದು ಹಳೇ ಜೀಪು ಮತ್ತು ನೊಣ. ಪಂಚಾಕ್ಷರಯ್ಯ ಅವತ್ತೇ ಜಾಕ್ ಕೊಟ್ಟು ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಸರಾಗವಾಗಿ ಸುತ್ತಿತು, ಬ್ರೇಕು ಕಚ್ಚಿರಲಿಲ್ಲ. ಪೈಪುಗಳನ್ನು ಸವರಿದ, ಎಲ್ಲೂ ಸೋರಿರಲಿಲ್ಲ. ಇನ್ನು ಓಡಿಸಿಯೇ ನೋಡಬೇಕೆಂದು ಮಾರನೆಯ ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಹೊರಟ ಆಲೂಗಡ್ಡೆ ಲೋಡಿನ ಜೊತೆ ತಾನೂ ಹತ್ತಿ ಮಂಚಯ್ಯನ ಪಕ್ಕ ಕೂತ.

ಊರು ದಾಟಿ ಮೂರು ಮೈಲಿಯವರೆಗೆ ಮಂಚಯ್ಯ ಬಸುರಿಯನ್ನು ಕೂರಿಸಿಕೊಂಡವನ ಹಾಗೆ ಓಡಿಸಿದ. ಪಂಚಾಕ್ಷರಯ್ಯ ಕಿವಿಗೊಟ್ಟು ಕೇಳಿದ. ಹಲ್ಲುಚಕ್ರದ ಸದ್ದೇ ಇಲ್ಲ. ಏರಿನಲ್ಲಿ ಕ್ಲಚ್ಚು ಜಾರಲಿಲ್ಲ. ತನ್ನ ಕೆಲಸದ ಮೇಲೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಹುಟ್ಟಿತು. ಎಲ್ಲ ಸರಿಯಿದ್ದರೆ ಡೀಸೆಲ್ ಹೋಗುತ್ತಿರುವುದೆಲ್ಲಿಗೆ?

ಅಷ್ಟರಲ್ಲಿ ಹಿಂದಿನಿಂದ ಬಸ್ಸಿನ ಹಾರನ್ನು ಕೇಳಿತು. ಆ ರಸ್ತೆಯಲ್ಲಿ ಟಾರು ಇದ್ದದ್ದು ಒಂದು ಗಾಡಿಯಷ್ಟಗಲ. ದಾರಿ ಬಿಡುವವನು ಪಕ್ಕದ ಮಣ್ಣಿಗೆ ಇಳಿಯಬೇಕು, ಮುಂದೆ ಹೋದವನ ಧೂಳು ಕುಡಿಯಬೇಕು. ಮಂಚಯ್ಯ ಕನ್ನಡಿ ನೋಡಿದ, ಬೆನ್ನು ನೆಟ್ಟಗೆ ಮಾಡಿ ಕೂತ. ಇಳಿಯಲಿಲ್ಲ. ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ಕೆಳಕ್ಕೆ ಇಳ್ಸೋ ಲೇ!" ಎಂದು ಕೂಗಿದ. ಮಂಚಯ್ಯ ಆಕ್ಸಿಲರೇಟರಿನ ಮೇಲೆ ಕಾಲಿಟ್ಟು ಅದುಮಿದ. ಲಾರಿ ಗುಡುಗಿ, ಕರೀ ಹೊಗೆ ಕಾರಿ, ಆಲೂಗಡ್ಡೆ ಮೂಟೆ ಹೊತ್ತುಕೊಂಡೇ ನುಗ್ಗಿತು.

ಗ್ಯಾಲನ್ನಿಗೆ ನಾಲ್ಕು ಮೈಲಿ ಎಲ್ಲಿ ಹೋಗುತ್ತಿತ್ತೆಂದು ಪಂಚಾಕ್ಷರಯ್ಯನಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ನಿಲ್ಲಿಸು ಅನ್ನಬೇಕಿತ್ತು. ಆದರೆ ರೋಗ ನೋಡಲು ಬಂದ ವೈದ್ಯನಿಗೇ ರೋಗ ಅಂಟಿತ್ತು. "ಒತ್ತಲಾ ಮಂಚಯ್ಯ, ಒತ್ತು! ಆ ಹಲ್ಲು ಮುರಿಯಾಕಿಲ್ಲ, ಕೂರ್ಸಿರೋನು ನಾನು!" ಎಂದು ಕಿರುಚಿದವನು ಅವನೇ. ಶಾಂತಿಗ್ರಾಮ ಬರುವ ಹೊತ್ತಿಗೆ ಬಸ್ಸು ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಗಿತ್ತು.

ಟೀ ಅಂಗಡಿಯ ಮುಂದೆ ಇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೊದಲು ಸುಮ್ಮನಾದವನು ಮಂಚಯ್ಯ.

"ಮೂರ್ ವರ್ಸ ನೀವೇ ಏಳಿದ್ರಿ ಮೇಸ್ತ್ರಿ, ಒತ್ಬ್ಯಾಡ, ಅಲ್ಲು ಮುರೀತದೆ ಅಂತವ. ಆರನ್ ಒಡ್ದೋರಿಗೆಲ್ಲ ದಾರಿ ಬುಟ್ಕೊಟ್ಟು ಮಣ್ಣಿಗಿಳ್ದೆ. ಈಗ ಗಾಡಿ ಎಳೀತದೆ, ಕಾಲು ತಡಿಯಾಕಿಲ್ಲ." ಲೋಟ ಕೆಳಗಿಟ್ಟ. "ಯಜಮಾನ್ರಿಗೆ ಇದ್ದದ್ದು ಇದ್ದಂಗೆ ಏಳ್ಬುಡಿ. ನನ್ನಿಂದ ನಿಮ್ ಎಸ್ರು ಯಾಕೆ ಕೆಡ್ಬೇಕು?"

ಸಂಜೆ ತಿಮ್ಮಪ್ಪನವರು ಶೆಡ್ಡಿನಲ್ಲೇ ಕಾದು ಕೂತಿದ್ದರು. "ಏನಂತೆ? ಸಿಕ್ತಾ?"

"ಸಿಕ್ತು ಸಾ." ಪಂಚಾಕ್ಷರಯ್ಯ ಒಂದು ಸಲ ಮಂಚಯ್ಯನ ಕಡೆ ನೋಡಿದ. ಅವನು ತಲೆ ತಗ್ಗಿಸಿ ಬೈಗುಳಕ್ಕೆ ತಯಾರಾಗಿ ನಿಂತಿದ್ದ. "ನನ್ ಕೆಲ್ಸದ್ದೇ ತಪ್ಪು. ಹೊಸ ಹಲ್ಲು ಸ್ವಲ್ಪ ಬಿಗಿಯಾಗಿ ಕೂರಿಸ್ಬಿಟ್ಟಿದೀನಿ. ಇನ್ನೊಂದು ತಿಂಗ್ಳು ಓಡಿದ್ರೆ ತಾನಾಗೇ ಒಗ್ಗಿ ಸರಿಹೋಗುತ್ತೆ."

ಇಪ್ಪತ್ತು ವರ್ಷ ಬಾಯಿಂದ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಅದನ್ನು ಕೇಳಿದ ಖುಷಿಗೆ ತಿಮ್ಮಪ್ಪನವರ ಕೋಪ ಅರ್ಧ ಇಳಿದುಹೋಯಿತು. "ಒಪ್ಕೊಂಡ್ಯಲ್ಲ, ಅಷ್ಟು ಸಾಕು. ಒಂದೇ ತಿಂಗ್ಳು! ಆಮೇಲೂ ಹಿಂಗೇ ಆದ್ರೆ ಮೈಸೂರೇ" ಎಂದು ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ಹೊರಟರು.

ಅವರು ಬೀದಿ ತಿರುಗಿದರು.

"ಕೇಳಿಸ್ತಲ್ಲ? ಒಂದ್ ತಿಂಗ್ಳು ಕಣಪ್ಪ" ಎಂದ ಪಂಚಾಕ್ಷರಯ್ಯ. "ಆಮೇಲೆ ಮನುಷ್ಯನ ಥರ ಓಡ್ಸು. ಏನು, ಸಾಲ್ದಾ?"

ಮಂಚಯ್ಯ ಲಾರಿಯ ಬಾಗಿಲ ಮೇಲೆ ಕೈಯಿಟ್ಟು ನಕ್ಕ. "ಸಾಕು ಮೇಸ್ತ್ರಿ. ಧಾರಾಳ ಆಯ್ತು. ನಮ್ಮಪ್ಪ ಸಾಯೋಗಂಟ ಈ ರಸ್ತೇಲೇ ನಡ್ಕಂಡು ಓಡಾಡ್ದ, ಎದುರ್ಗೆ ಯಾರಾರ ದೊಡ್ಡೋರು ಬಂದ್ರೆ ಮಣ್ಣಿಗಿಳ್ದು ನಿಂತ್ಕತಿದ್ದ. ಅವನ್ಗೆ ಒಂದಿನಾನೂ ಸಿಕ್ಕಿರ್ನಿಲ್ಲ."