ಸ್ವಾಗತದ ಸಾಲು

ಅವನು ಒಳಗೆ ಕಾಲಿಟ್ಟಿದ್ದೇ ತಡ, ಹೆಂಡತಿ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದುದನ್ನು ಪಟ್ಟನೆ ಮುಚ್ಚಿ, ಅವನ ಕಂಪನಿಯ ಬ್ರೌಸರ್ ಒತ್ತಿದಳು. ಅದನ್ನು ಅವನೇ ಹಾಕಿಕೊಟ್ಟಿದ್ದ.

“ನಮ್ಮ ಬ್ರೌಸರ್ ನಿಲ್ಲಿಸ್ತಿದಾರೆ ಕಣೇ,” ಎಂದ, ಹೆಗಲ ಬ್ಯಾಗನ್ನೂ ಇಳಿಸದೆ. “ಎಲ್ಲರಿಗೂ ಆ ಇನ್ನೊಂದೇ ಬೇಕಂತೆ. ನಮ್ದು ಬಳಸೋರು ಮೂರು ಮತ್ತೊಂದು ಜನ.”

“ಅದರಲ್ಲಿ ನಾನೊಬ್ಬಳು ಇದೀನಲ್ರೀ! ಮದುವೆ ಆದಾಗಿಂದ ಬೇರೇದು ಮುಟ್ಟಿದೀನಾ?”

ಅವನು ಬ್ಯಾಗ್ ಕೆಳಗಿಟ್ಟ. ಲೋಕವೆಲ್ಲ ಕೈಬಿಟ್ಟರೂ ಇವಳೊಬ್ಬಳು ಬಿಡಲಿಲ್ಲವಲ್ಲ ಎಂದುಕೊಂಡು, ಅವಳ ಭುಜ ಹಿಡಿದು ಪರದೆಯತ್ತ ಬಾಗಿದ. ಆಗ ಪುಟ ತೆರೆದುಕೊಂಡಿತು. ಬ್ರೌಸರನ್ನು ಮೊಟ್ಟಮೊದಲ ಸಲ ತೆರೆದವರಿಗೆ ಮಾತ್ರ ಕಾಣಲೆಂದು ಅವನೇ ತಿದ್ದಿ ತೀಡಿ ಬರೆದಿದ್ದ ಸಾಲು ಅಲ್ಲಿ ನಗುತ್ತಿತ್ತು: ‘ಅಂತೂ ಬಂದಿರಲ್ಲ, ಸ್ವಾಗತ!’