ಜಗ್ಗಿದ ಕೀಲು

ಬೆಳಿಗ್ಗೆ ಒಂಬತ್ತು ಗಂಟೆ. ಬಂದೂಕಿನ ತಿಜೋರಿಯ ತಪಾಸಣೆಗೆ ಇಬ್ಬರು ಪೊಲೀಸರು ಬಂದಿದ್ದರು.

ಬಾಗಿಲು ತೆರೆದವನು ಅಳಿಯ. ಕೆಲಸಕ್ಕೆ ಹೊರಟು ನಿಂತಿದ್ದ. ಗಾಜು ಕತ್ತರಿಸುವವರ ದಪ್ಪ ಕೈಗವಸು ಪ್ಯಾಂಟಿನ ಜೇಬಿನಿಂದ ಇಣುಕುತ್ತಿತ್ತು. ಸಮವಸ್ತ್ರ ಕಂಡು ಒಂದು ಕ್ಷಣ ತಡೆದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ವರ್ಷಕ್ಕೊಂದು ಸಲ ನೋಡ್ಲೇಬೇಕು,” ಎಂದರು ಇನ್‌ಸ್ಪೆಕ್ಟರ್. “ಲೈಸೆನ್ಸ್ ಇರೋದು ಯಜಮಾನರ ಹೆಸರಲ್ಲಿ, ಅಲ್ವಾ?”

“ಹೌದು, ನಮ್ಮ ಮಾವ.” ಅಳಿಯ ದನಿ ತಗ್ಗಿಸಿದ. “ಸ್ವಲ್ಪ ಸಮಾಧಾನವಾಗಿ ಮಾತಾಡ್ಸಿ ಸಾರ್. ಈಚೆಗೆ ನೆನಪು ಕೈಕೊಡ್ತಿದೆ. ಮೊನ್ನೆ ಹೊದ್ದುಕೊಳ್ಳೋ ಕಂಬಳೀನೇ ಎಲ್ಲೋ ಬಿಟ್ಟು ಬಂದ್ರು. ಕೋಪ ಮಾತ್ರ ಎಲ್ಲೂ ಬಿಟ್ಟು ಬಂದಿಲ್ಲ.”

ವರ್ಷದ ತಪಾಸಣೆ ಎಂಬ ಮಾತನ್ನು ಅವನು ನಂಬಿದಂತೆ ಕಾಣಲಿಲ್ಲ. ಹಿಂದಿನ ವಾರ ಗಾಜಿನ ವರ್ಕ್‌ಶಾಪಿನ ಹಿಂದಿನ ರಸ್ತೆಯಲ್ಲಿ ಅವನ ಪಾಲುದಾರನಿಗೆ ಯಾರೋ ಗುಂಡು ಹಾರಿಸಿದ್ದರು. ಆತನಿಗೆ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅದಕ್ಕೂ ಮುಂಚೆ ಆತನ ಲಾರಿ ಈ ಮನೆಯ ಗೇಟು ಮುರಿದಿತ್ತು. ಅಂದು ಮಾವ ಬೀದಿಗೆ ಬಂದು, “ಶೂಟ್ ಮಾಡ್ಬಿಡ್ತೀನಿ ನಿನ್ನ” ಎಂದು ಕೂಗಿದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿದ್ದರು. ಆ ಸುತ್ತಮುತ್ತ ರೈಫಲ್ ಇದ್ದದ್ದು ಅವರೊಬ್ಬರ ಬಳಿ.

ಬೀದಿಯವರು ಅವರನ್ನು ಕೀಲಿ ತಾತ ಎನ್ನುತ್ತಿದ್ದರು. ಜೀವಮಾನವಿಡೀ ಬೀಗ ರಿಪೇರಿ ಮಾಡಿದವರು, ಬಿಡುವಿನಲ್ಲಿ ಗುರಿ ಸ್ಪರ್ಧೆಗೆ ಹೋಗುತ್ತಿದ್ದವರು. ಈಗ ಕುರ್ಚಿಯಲ್ಲಿ ಕೂತಿದ್ದರು. ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಸಿಕ್ಕಿಕೊಂಡಿದ್ದವು. ಸರಿಮಾಡಲು ಬಂದ ಮಗಳ ಕೈಯನ್ನು ಮೆಲ್ಲಗೆ ತಳ್ಳಿದರು.

“ತಪಾಸಣೆ ಅಂತೆ ಅಪ್ಪ.”

“ಆಗ್ಲಿ. ಕಾನೂನು ಕಾನೂನೇ.”

ಅಳಿಯ ಲೈಸೆನ್ಸ್ ತಂದು ಚಾಚಿದ. ಇನ್‌ಸ್ಪೆಕ್ಟರ್ ಅದನ್ನು ಬಿಡಿಸಿಯೂ ನೋಡದೆ ಮೇಜಿನ ಮೇಲಿಟ್ಟರು.

ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ನಿಯಮದಂತೆ, ತಿಜೋರಿಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಯಲಾಗಿತ್ತು. ಅದರ ಒಂದು ಮೂಲೆ ಜಜ್ಜಿಹೋಗಿತ್ತು.

“ಇದು ಮಹಡಿ ಮೇಲಿತ್ತಲ್ವಾ?” ಎಂದರು ಇನ್‌ಸ್ಪೆಕ್ಟರ್.

“ಅಪ್ಪನಿಗೆ ಮಂಡಿನೋವು ಅಂತ ಹೋದ ತಿಂಗಳು ಇಳಿಸಿದ್ವಿ,” ಎಂದಳು ಮಗಳು. “ಹಮಾಲಿಗಳ ಕೈಜಾರಿ ಉರುಳಿಬಿಡ್ತು. ಅವತ್ತು ಅಪ್ಪ ಊಟಾನೂ ಮಾಡ್ಲಿಲ್ಲ.”

“ತೆಗೆಯೋದು ಯಾರ್‍ಯಾರು? ಲೈಸೆನ್ಸ್ ಇರೋರು ಬಿಟ್ಟು ಬೇರೆಯವರು ತೆಗೆಯೋ ಹಾಗಿಲ್ಲ. ಅದಕ್ಕೆ ಕೇಳ್ತಿದೀನಿ.”

“ನಾನಂತೂ ಅದರ ಹತ್ರಾನೂ ಹೋಗಲ್ಲ,” ಎಂದಳು ಮಗಳು.

ಅಳಿಯ ನಕ್ಕ. “ನಾನು ಮುಟ್ಟೇ ಇಲ್ಲ ಸಾರ್. ಒಳಗಡೆ ಯಾವ ಬಣ್ಣ ಅಂತಾನೂ ಗೊತ್ತಿಲ್ಲ. ಮಾವ ಕೋಣೆ ಬಾಗಿಲು ಹಾಕ್ಕೊಂಡೇ ತೆಗೆಯೋದು.”

“ತೆಗೀರಿ ಯಜಮಾನ್ರೇ.”

ಕೀಲಿ ತಾತ ಅಂಕಿಗಳನ್ನು ಒತ್ತಿದರು. ಕೆಂಪು ದೀಪ ಹತ್ತಿತು. ಕೈಯನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದರು. ಮತ್ತೆ ಕೆಂಪು. ಅಳಿಯ ಕಾನ್‌ಸ್ಟೆಬಲ್ ಕಡೆ ನೋಡಿ, ‘ಹೇಳಿದ್ನಲ್ಲ’ ಎನ್ನುವಂತೆ ತಲೆಯಾಡಿಸಿದ.

“ಪುಟ್ಟೀ, ನೀನು ಹುಟ್ಟಿದ ದಿನ ಯಾವುದೇ?”

ಮಗಳ ಕಣ್ಣು ತುಂಬಿತು. ಹೇಳಿದಳು. ತಾತ ಒತ್ತಿದರು. ಹಸಿರು ದೀಪ.

ಹಿಡಿ ತಿರುಗಿಸಿ ಎಳೆದರು. ಬಾಗಿಲು ಬರಲಿಲ್ಲ. ಎರಡೂ ಕೈ ಹಾಕಿದರು; ಕತ್ತಿನ ನರ ಉಬ್ಬಿತು. ಬಾಗಿಲು ಕದಲಲಿಲ್ಲ. ಆಳೆತ್ತರದ ಕಾನ್‌ಸ್ಟೆಬಲ್ ಮುಂದೆ ಬಂದು ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಬೆವರು ಬಂತೇ ಹೊರತು ಬಾಗಿಲು ಬರಲಿಲ್ಲ.

“ಏನಾಗಿದೆ ಇದಕ್ಕೆ?” ಎಂದರು ಇನ್‌ಸ್ಪೆಕ್ಟರ್.

“ಗೊತ್ತಿಲ್ಲಪ್ಪ. ನೆನಪಾಗ್ತಿಲ್ಲ.”

ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡರು. “ಹಾಗಾದ್ರೆ ಇವತ್ತಿಗೆ ಬಿಡಿ. ಇನ್ನೊಂದು ದಿನ ಕಟರ್ ತರಿಸಿ ನೋಡೋಣ. ಅವಸರ ಏನಿಲ್ಲ.”

“ಇನ್ನೊಂದು ದಿನ ಯಾಕೆ ಸಾರ್?” ಅಳಿಯನ ದನಿ ತಟ್ಟನೆ ಏರಿತು. “ಒಳಗಿರೋ ಬಂದೂಕು ನೋಡ್ದೆ ಹೋಗ್ತೀರಾ? ಸರೀರಿ, ದಾರಿ ಬಿಡಿ.”

ಅವನು ಕಾನ್‌ಸ್ಟೆಬಲ್‌ನನ್ನು ಸರಿಸಿ ಮುಂದೆ ಬಂದ. ಎಡಗಾಲಿನ ತುದಿಯನ್ನು ಬಾಗಿಲ ಕೆಳಗಿನ ಸಂದಿಗೆ ಕೊಟ್ಟ. ಹಿಡಿಯನ್ನು ಮೇಲಕ್ಕೆತ್ತಿದ. ಭುಜದಿಂದ ಒಮ್ಮೆ ಒಳಕ್ಕೆ ತಳ್ಳಿ, ಎಳೆದ.

ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಒಳಗೆ ಹಸಿರು ಬಟ್ಟೆ ಹೊದಿಸಿತ್ತು. ಬೇರೇನೂ ಇರಲಿಲ್ಲ.

“ಇಲ್ಲೇ ಇತ್ತಲ್ಲ...” ಎಂದ ಅಳಿಯ. ತಿರುಗಿ ನೋಡಿದ. “ಮಾವ, ಎಲ್ಲಿಟ್ರಿ ಅದನ್ನ?”

ಕಾನ್‌ಸ್ಟೆಬಲ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಮಗಳು ಗಂಡನ ಎಡಗಾಲನ್ನೇ ನೋಡುತ್ತಿದ್ದಳು. ಅದು ಇನ್ನೂ ಬಾಗಿಲ ಕೆಳಗೇ ಇತ್ತು.

ಕೀಲಿ ತಾತ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಸರಿಯಾದ ಮನೆಗೆ ಹಾಕಿಕೊಂಡರು.

“ಉರುಳಿದ ಮೇಲೆ ಇದರ ಕೀಲು ಜಗ್ಗಿದೆ, ಅಳಿಯಂದ್ರೇ. ಕಾಲು ಕೊಟ್ಟು ಎತ್ತದೆ ಬರಲ್ಲ. ಒಂದು ತಿಂಗಳಿಂದ ಅದು ನನ್ನ ಕೈಯೊಂದಕ್ಕೇ ಗೊತ್ತು ಅಂದ್ಕೊಂಡಿದ್ದೆ.”

ಬಂದೂಕು ಆಗಲೇ ಠಾಣೆಯಲ್ಲಿತ್ತು: ನಳಿಕೆಯಲ್ಲಿ ತಾವು ಹಾರಿಸದ ಗುಂಡಿನ ಮಸಿ ಕಂಡ ದಿನವೇ ಕೀಲಿ ತಾತ ಅದನ್ನು ಕಂಬಳಿಯಲ್ಲಿ ಸುತ್ತಿ ಒಯ್ದು ಇನ್‌ಸ್ಪೆಕ್ಟರ್ ಮುಂದಿಟ್ಟು, ತಮ್ಮನ್ನು ಬಂಧಿಸುವ ಮೊದಲು ಮನೆಗೊಮ್ಮೆ ತಪಾಸಣೆಗೆ ಬರಬೇಕೆಂದು ಕೇಳಿಕೊಂಡಿದ್ದರು.