ಹಾಡು ಎತ್ತಿಕೊಡುವವರು

ಸಂಗೀತ ವಿಮರ್ಶಕರ ಕಿವಿಗೆ ಹೆದರಿ ಆ ಮನೆಯಲ್ಲಿ ಯಾರೂ ಗುನುಗುತ್ತಿರಲಿಲ್ಲ, ಹೆಂಡತಿಯೂ ಅಷ್ಟೇ. ಆಕೆ ತೀರಿಕೊಂಡ ಬೆಳಿಗ್ಗೆ, ಪ್ರತಿ ಶನಿವಾರ ಆಕೆ ಹೋಗುತ್ತಿದ್ದ ಗುಡಿಯಿಂದ ಭಜನೆಯವರು ಬಂದು ಶವದ ಸುತ್ತ ಕುಳಿತರು. ಕೈಯಲ್ಲಿ ತಾಳವಿತ್ತು, ಬಾಯಿ ಮಾತ್ರ ಯಾರೂ ತೆರೆಯಲಿಲ್ಲ.

“ಯಾಕ್ರೀ, ಶುರು ಮಾಡಬಾರದಾ?”

“ನಮ್ಮ ಕ್ಯಾಸೆಟ್ ಕೇಳಿ ಪೇಪರಲ್ಲಿ ಬರೆದಿದ್ರಲ್ಲ ಸಾರ್, ಹಾಡು ಎತ್ತಿಕೊಡೋ ಹೆಂಗಸಿಗೆ ಶ್ರುತಿಯ ಗಂಧಗಾಳಿ ಇಲ್ಲ ಅಂತ. ಅವತ್ತಿಂದ ಅವರು ಹಾಡೋದೇ ಬಿಟ್ರು. ಇವತ್ತು ನೀವೇ ಎತ್ತಿಕೊಡಿ.”

“ನಾನು ಬರೆಯೋನು ಕಣ್ರೀ, ಹಾಡೋನಲ್ಲ.” ಎಂದರು ವಿಮರ್ಶಕರು. “ಆಕೇನೇ ಕರೆಸಿ. ಬೇಕಿದ್ರೆ ಕ್ಷಮೆ ಕೇಳ್ತೀನಿ.”

ಭಜನೆಯ ಹಿರಿಯರು ತಾಳ ಕೆಳಗಿಟ್ಟು, ಶವದ ಮುಖದ ಮೇಲಿನ ಬಟ್ಟೆ ಸರಿಸಿದರು.

“ಕೇಳಿ ಸಾರ್.”